ಐವತ್ತರ ನೋಟಿನ ಆನೆಗಳು: ಒಂದು ಕಾಗದದ ಶಾಸನವನ್ನು ಓದಿದಾಗ

ಹಳದಿ ಮಾರ್ಗದ ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿದು, ಹೊಸೂರು ರಸ್ತೆ ಬದಿಯ ಟೀ ಅಂಗಡಿಯಲ್ಲಿ ಐವತ್ತರ ನೋಟೊಂದನ್ನು ಕೊಟ್ಟೆ. ಅಂಚು ಸ್ವಲ್ಪ ಹರಿದಿತ್ತು. ಅಂಗಡಿಯವರು ತಿರುಗಿಸಿ ನೋಡಿ, "ಇದು ಬೇಡ ಸಾರ್, ಸ್ಕ್ಯಾನ್ ಮಾಡ್ಬಿಡಿ" ಅಂದರು. ಮಾಡಿದೆ. ನೋಟು ನನ್ನ ಕೈಯಲ್ಲೇ ಉಳಿಯಿತು. ಟೀ ಆರುವವರೆಗೆ ಮಾಡುವುದೇನು, ಕಲ್ಲಿನ ಮುಂದೆ ಕೂತು ಓದುವ ಹಾಗೆ ಅದನ್ನೇ ಓದತೊಡಗಿದೆ.

ಊರಿನ ಹೆಸರೂ ಒಂದು ಸವೆದ ನಾಣ್ಯವೇ. 'ಸಮುದ್ರ' ಅಂದರೆ ಕೆರೆ. ಅದು ಬಾಯಿಂದ ಬಾಯಿಗೆ ಸವೆದು 'ಸಂದ್ರ' ಆಯಿತು. ಸಿಂಗಸಂದ್ರವೂ ಹಾಗೇ. 'ಪಣ' ಎಂಬ ನಾಣ್ಯ ಕನ್ನಡದ ಪಕಾರ ಹಕಾರವಾದಾಗ 'ಹಣ' ಆಗಿ, ಕೊನೆಗೆ ದುಡ್ಡಿಗೆಲ್ಲ ಅದೇ ಹೆಸರಾಯಿತು. ಇವತ್ತು ಫೋನಿನಲ್ಲಿ ಹಣ ಕಳಿಸುವವರೂ ಬಾಯಲ್ಲಿ ಹೇಳುತ್ತಿರುವುದು ಗದ್ಯಾಣದ ಹತ್ತನೇ ಒಂದು ಭಾಗದ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರನ್ನು.

ಈಗ ನೋಟಿಗೆ ಬರೋಣ. 2017ರ ಆಗಸ್ಟ್‌ನಲ್ಲಿ ಬಂದ ಈ ನೀಲಿ ಐವತ್ತರ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಹಳೆಯ ಗಾಂಧಿ ಸರಣಿಯ ಐವತ್ತರಲ್ಲಿ ಆ ಜಾಗದಲ್ಲಿ ಸಂಸತ್ ಭವನವಿತ್ತು. ಬಂದ ದಿನದಿಂದ ನಮ್ಮವರು ಹೆಮ್ಮೆಯಿಂದ ಹಂಚಿಕೊಂಡ ಚಿತ್ರ ಇದು, ನಾನೂ ಹಂಚಿಕೊಂಡವನೇ. ಆದರೆ ಹೆಮ್ಮೆಯ ಭರದಲ್ಲಿ ನಾವ್ಯಾರೂ ಅದನ್ನು ಸರಿಯಾಗಿ ಓದಲಿಲ್ಲ ಅನ್ನುವುದು ನನ್ನ ತಕರಾರು.

ಮೊದಲನೆಯದು, ಆನೆಗಳು. ರಥದ ಮುಂದೆ ನಿಂತ ಎರಡು ಪುಟ್ಟ ಆನೆಗಳನ್ನು ನೋಡಿ, ಆನೆಗಳು ಎಳೆಯುವ ರಥ ಎಂದು ಬರೆದವರು ಎಷ್ಟೋ ಜನ. ವಿಠ್ಠಲ ದೇವಾಲಯಕ್ಕೆ ಹೋದಾಗ ಆನೆಗಳ ಮುಖ ನೋಡುವುದು ಬಿಟ್ಟು ಅವುಗಳ ಹಿಂದೆ ಬಗ್ಗಿ ನೋಡಿ. ಕುದುರೆಯ ಹಿಂಗಾಲು, ಬಾಲದ ತುಣುಕುಗಳು ಇನ್ನೂ ಅಲ್ಲೇ ಇವೆ. ಶಿಲ್ಪಿ ಕಟ್ಟಿದ್ದು ಕುದುರೆಗಳನ್ನು. ಅವು ಹೋದ ಮೇಲೆ ಯಾರೋ ಆನೆಗಳನ್ನು ತಂದು ಆ ಜಾಗದಲ್ಲಿ ಇಟ್ಟರು. ಅಳತೆಯೇ ಹೊಂದುವುದಿಲ್ಲ: ಅಷ್ಟು ದೊಡ್ಡ ರಥಕ್ಕೆ ಇಷ್ಟು ಚಿಕ್ಕ ಆನೆ!

ಎರಡನೆಯದು, ರಥದ ತಲೆ. ನೋಟಿನಲ್ಲಿ ರಥದ ಮೇಲೆ ಶಿಖರವಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಫೋಟೊ ತೆಗೆದ. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಇದು ರಥವೂ ಅಲ್ಲ, ನೆನಪಿರಲಿ: ವಿಠ್ಠಲನ ಎದುರಿಗಿರುವ ಗರುಡನ ಗುಡಿ, ರಥದ ಆಕಾರದಲ್ಲಿ ಕಟ್ಟಿದ್ದು. ಗುಡಿಗೆ ಶಿಖರ ಬೇಕೇ ಬೇಕು. ಅದಿಲ್ಲದ್ದಕ್ಕೇ ಇವತ್ತು ನಮ್ಮ ಕಣ್ಣಿಗೆ ಅದು ಗುಡಿಯಾಗಿ ಕಾಣದೆ ಬರೀ ರಥವಾಗಿ ಕಾಣುತ್ತದೆ.

ಹಾಗಾದರೆ ನೋಟು ಸುಳ್ಳು ಹೇಳಿತೇ? ಇಲ್ಲ. ನೋಟಿನ ಹಿಂಬದಿ ಮುದ್ರಣದ ವರ್ಷವೂ ಇದೆ. ಅದನ್ನು ಕಾಲಮಾನವಿರುವ ಶಾಸನ ಅಂತಲೇ ಓದಬೇಕು: 2017ರ ಸುಮಾರಿನಲ್ಲಿ ಈ ಸ್ಮಾರಕ ಹೇಗಿತ್ತು ಎಂಬುದಕ್ಕೆ ಅದು ಪ್ರಾಮಾಣಿಕ ಸಾಕ್ಷಿ. ಹದಿನಾರನೇ ಶತಮಾನಕ್ಕೆ ಅದನ್ನು ಸಾಕ್ಷಿಗೆ ಕರೆದರೆ ಮಾತ್ರ ಎಡವುತ್ತೇವೆ. ನಮ್ಮ ದೂರು ನೋಟಿನ ಮೇಲಲ್ಲ, ಓದುಗರ ಮೇಲೆ. ತಾಮ್ರಪಟದಲ್ಲಿ ಲಿಪಿಯ ಕಾಲಕ್ಕೂ ಒಳಗೆ ಹೇಳಿದ ಕಾಲಕ್ಕೂ ತಾಳೆಯಾಗದಿದ್ದರೆ ತಕ್ಷಣ 'ಕೂಟ ಶಾಸನ' ಅನ್ನುವ ನಾವು (ಗಂಗರ ಎಷ್ಟು ತಾಮ್ರಪಟಗಳನ್ನು ಫ್ಲೀಟ್ ಹೀಗೆ ಪಕ್ಕಕ್ಕೆ ಸರಿಸಿದ!) ಜೇಬಿನಲ್ಲಿರುವ ಚಿತ್ರಕ್ಕೆ ಆ ಪರೀಕ್ಷೆ ಮಾಡುವುದೇ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಕಥೆಯಿದೆ. ಕಳಿಂಗದ ದಂಡಯಾತ್ರೆಗೆ ಹೋದ ಕೃಷ್ಣದೇವರಾಯ ಕೊಣಾರ್ಕದ ರಥ ನೋಡಿ ಮರುಳಾಗಿ, ಬಂದು ಇದನ್ನು ಕಟ್ಟಿಸಿದ ಅಂತ. ಕಥೆ ಚೆಂದ. ತಮಾಷೆಯೆಂದರೆ 2018ರ ಹತ್ತರ ನೋಟಿನ ಮೇಲೆ ಕೊಣಾರ್ಕವೇ ಬಂತು. ಹತ್ತನ್ನೂ ಐವತ್ತನ್ನೂ ಒಟ್ಟಿಗೆ ಹಿಡಿದರೆ ಕಥೆ ಕೈಯಲ್ಲೇ ಪೂರ್ತಿಯಾಗುತ್ತದೆ! ಆದರೆ ಇದಕ್ಕೆ ಯಾರಾದರೂ ಶಾಸನ ತೋರಿಸಿದ್ದನ್ನು ನಾನು ಕಂಡಿಲ್ಲ. ವಿಠ್ಠಲ ದೇವಾಲಯದಲ್ಲಿ ಕೃಷ್ಣದೇವರಾಯನ ಕಾಲದ ಶಾಸನಗಳಿಗೇನೂ ಬರವಿಲ್ಲ. 1513ರ ಹೊತ್ತಿಗೆ ಅವನ ರಾಣಿಯರು ಗೋಪುರ ಕಟ್ಟಿಸಿದ್ದು ಅಲ್ಲಿ ದಾಖಲಾಗಿದೆ. ಶಾಸನ ಹೇಳುವಷ್ಟನ್ನು ಹೇಳೋಣ, ಕಥೆಯನ್ನು ಕಥೆ ಅಂತಲೇ ಹೇಳೋಣ.

ಇದಕ್ಕೆ ಪೂರ್ತಿ ವಿರುದ್ಧ ಇಪ್ಪತ್ತರ ನೋಟು. ಅದರ ಮೇಲಿನ ಎಲ್ಲೋರಾ ಬಗ್ಗೆ ನಮ್ಮಲ್ಲಿ ಅಷ್ಟು ಸದ್ದಾಗಲಿಲ್ಲ, ಮಹಾರಾಷ್ಟ್ರದ್ದು ಅಂತ ಸುಮ್ಮನಾದೆವು. ಅಲ್ಲಿನ ಕೈಲಾಸ ಕಡೆಸಿದ್ದು ರಾಷ್ಟ್ರಕೂಟ ಒಂದನೇ ಕೃಷ್ಣ. ಅದೇ ವಂಶ ಮುಂದೆ ನಮ್ಮ ಮಳಖೇಡದಿಂದ ಆಳಿತು. ಇಲ್ಲಿ ಗಟ್ಟಿಯಾದ ಶಾಸನವೇ ಇದೆ: ಶಕ 734ರ ಬರೋಡಾ ತಾಮ್ರಪಟದಲ್ಲಿ ಕರ್ಕರಾಜ ಏಲಾಪುರದ ಆ ಗುಡಿಯನ್ನು ಹೊಗಳುತ್ತಾ, ಅದನ್ನು ಮಾಡಿದ ಶಿಲ್ಪಿಯೇ ತನ್ನ ಕೆಲಸ ನೋಡಿ ಬೆರಗಾದ ಎನ್ನುತ್ತಾನೆ. ಆಧಾರವಿಲ್ಲದ ಕಥೆಯನ್ನು ಎತ್ತಿ ಆಡಿಸಿದೆವು, ಆಧಾರವಿದ್ದದ್ದನ್ನು ಮರೆತೆವು.

ಇನ್ನು ಅಕ್ಷರದ ವಿಷಯ. ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಮೇಲಿನಿಂದ ನಾಲ್ಕನೆಯದು ಕನ್ನಡ: 'ಐವತ್ತು ರೂಪಾಯಿಗಳು'. ಭೂತಗನ್ನಡಿ ಬೇಕಾದೀತು, ಇರಲಿ. ನನಗೆ ಚುಚ್ಚುವುದು ಆ 'ಗಳು'. ಯಾರ ಬಾಯಲ್ಲಿ ಕೇಳಿದ್ದೀರಿ ಅದನ್ನು? ಟೀ ಅಂಗಡಿಯವರು 'ಐವತ್ತು ರೂಪಾಯಿ' ಅನ್ನುತ್ತಾರೆ, ನೀವೂ ಅನ್ನುತ್ತೀರಿ. ಶಾಸನಗಳಲ್ಲೂ ಹಾಗೇ: ಗದ್ಯಾಣ ಎಷ್ಟಾದರೂ ಗದ್ಯಾಣವೇ, ಮುಂದೆ ಸಂಖ್ಯೆ. ಎಷ್ಟೋ ಕಡೆ ಬರೀ 'ಗ' ಅಂತ ಬರೆದು ಅಂಕಿ ಹಾಕಿ ಮುಗಿಸುತ್ತಾರೆ. ಲೆಕ್ಕದ ಮಾತಿನಲ್ಲಿ ಬಹುವಚನ ಹೊರದಿರುವುದು ಕನ್ನಡದ ಸಾವಿರ ವರ್ಷದ ರೂಢಿ. ನೋಟಿನ ಕನ್ನಡ ಮಾತ್ರ ಇಂಗ್ಲಿಷಿನ ನೆರಳಿನಲ್ಲಿ ಹುಟ್ಟಿದ್ದು. ವ್ಯಾಕರಣದ ತಪ್ಪಲ್ಲ, ಕಿವಿಯ ತಪ್ಪು.

ಹೋಲಿಕೆಗೆ ವಿಷ್ಣುವರ್ಧನನ ಗದ್ಯಾಣ ನೆನೆಯಿರಿ. ಸುಮಾರು 4 ಗ್ರಾಂ ಚಿನ್ನ, ಒಂದು ಬದಿಯಲ್ಲಿ ಶಾರ್ದೂಲ, ಇನ್ನೊಂದು ಬದಿಯಲ್ಲಿ ಮೂರು ಸಾಲು ಕನ್ನಡ: ಶ್ರೀ ತಳಕಾಡುಗೊಂಡ. ರಾಜನ ಹೆಸರೂ ಇಲ್ಲ! 1116ರ ಸುಮಾರಿಗೆ ಚೋಳರಿಂದ ತಲಕಾಡು ಗೆದ್ದ ಸುದ್ದಿಯೇ ಅವನ ಹೆಸರು. ಆನೇಕಲ್, ಬೇಗೂರು ಕಡೆಯ ಹಳ್ಳಿಗಳೂ ಚೋಳರ ಕೈಯಲ್ಲಿದ್ದು ಆಮೇಲೆ ಹೊಯ್ಸಳರಿಗೆ ಬಂದವು. ಇಲ್ಲಿನ ಗೌಡನೊಬ್ಬನ ಅಂಗೈಗೆ ಆ ನಾಣ್ಯ ಬಿದ್ದಾಗ ಆಳುವವರು ಬದಲಾದದ್ದು ಅದೇ ಹೇಳಿರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೂ ಕನ್ನಡವಿತ್ತು, ಜೊತೆಗೆ ಪರ್ಷಿಯನ್, ಇಂಗ್ಲಿಷ್. ಮೂರು ಲಿಪಿ, ಒಂದು ಬಿಲ್ಲೆ, ಯಾವುದಕ್ಕೂ ಭೂತಗನ್ನಡಿ ಬೇಡ.

ಕೆಲವರು ಹೇಳಬಹುದು: ಹದಿನೈದು ಭಾಷೆ ತುಂಬಿಸಬೇಕಾದ ಜಾಗದಲ್ಲಿ ಇಷ್ಟಾದರೂ ಸಿಕ್ಕಿತಲ್ಲ. ಒಪ್ಪುತ್ತೇನೆ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಅಸ್ಸಾಂನಿಂದ, ಒಡಿಶಾದಿಂದ ಬಂದ ಹುಡುಗರಿಗೂ ಅವರ ಅಕ್ಷರ ಅದೇ ಪಟ್ಟಿಯಲ್ಲಿ ಸಿಗುತ್ತದೆ, ಕನ್ನಡದ ಜೊತೆಗೇ. ಸಂಬಳದ ದಿನ ಕನ್ನಡ ಅವರ ಜೇಬಿಗೂ ಹೋಗುತ್ತಿತ್ತು. ಅಂಗಡಿಯ ಗೋಡೆಗೆ ಅಂಟಿಸಿದ ಆ ಕಪ್ಪು ಬಿಳುಪು ಚೌಕದಲ್ಲಿ ಯಾವ ಭಾಷೆಯೂ ಇಲ್ಲ, ಆನೆಯೂ ಇಲ್ಲ, ಕುದುರೆಯೂ ಇಲ್ಲ.

ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಮುಂದಿನ ಸರಣಿ ಬರುವಾಗ ಆ 'ಗಳು' ತೆಗೆದರೆ ಎರಡಕ್ಷರದ ಜಾಗ ಉಳಿಯುತ್ತದೆ, ಉಳಿದದ್ದನ್ನು ಅಷ್ಟು ದಪ್ಪ ಮಾಡಬಹುದು. ಹರಿದ ನೋಟನ್ನು ನಾನು ಬ್ಯಾಂಕಿಗೆ ಕೊಡಲಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ, ಆನೇಕಲ್ ತಾಲ್ಲೂಕಿನ ಪುಟಗಳ ನಡುವೆ ಇಟ್ಟಿದ್ದೇನೆ.