ಅಲುಗುವ ನಾದ: ಮಾಡ್ಯುಲೇಷನ್ ಪೆಡಲ್ ಆರಿಸುವವರಿಗೆ

ಗಿಟಾರ್ ಅಂಗಡಿಗೆ ಹೋಗಿ ಮಾಡ್ಯುಲೇಷನ್ ಪೆಡಲ್ ಬೇಕು ಎಂದರೆ ಕೌಂಟರಿನವರು ಐದಾರು ಡಬ್ಬಿಗಳನ್ನು ಮುಂದಿಡುತ್ತಾರೆ: ಟ್ರೆಮೊಲೊ, ವೈಬ್ರಾಟೊ, ಕೋರಸ್, ಫೇಸರ್, ಫ್ಲ್ಯಾಂಜರ್. ಒಂದೊಂದನ್ನೂ ಅರ್ಧ ನಿಮಿಷ ತುಳಿದು ನೋಡಿದ ಹೊಸಬರಿಗೆ ಎಲ್ಲವೂ ಒಂದೇ ತರಹ ‘ವಾಂವ್ ವಾಂವ್’ ಎಂದ ಹಾಗೆ ಕೇಳಿಸುತ್ತದೆ. ಕೊನೆಗೆ ಬಣ್ಣ ಚೆನ್ನಾಗಿರುವುದನ್ನೋ, ಮೆಚ್ಚಿನ ವಾದಕ ಬಳಸುತ್ತಾನೆಂದು ಎಲ್ಲೋ ಓದಿದ್ದನ್ನೋ ಕಟ್ಟಿಸಿಕೊಂಡು ಬರುತ್ತಾರೆ. ಎರಡು ತಿಂಗಳಲ್ಲಿ ಅದು ಕಪಾಟು ಸೇರುತ್ತದೆ. ಪೆಡಲಿನದೇನೂ ತಪ್ಪಿರುವುದಿಲ್ಲ. ಕೇಳುವಾಗ ಕಿವಿ ಎಲ್ಲಿಡಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಈ ಪೆಡಲುಗಳೆಲ್ಲದರ ಒಳಗೂ ಒಂದು ನಿಧಾನದ ಅಲೆ ಇದೆ. ಅದು ತಾನಾಗಿ ಕೇಳಿಸುವುದಿಲ್ಲ. ಸೆಕೆಂಡಿಗೆ ಒಂದೋ ನಾಲ್ಕೋ ಸಲ ಏರಿಳಿಯುತ್ತ, ಗಿಟಾರಿನ ಧ್ವನಿಯ ಯಾವುದೋ ಒಂದು ಗುಣವನ್ನು ತನ್ನ ಜತೆ ಏರಿಸಿ ಇಳಿಸುತ್ತದೆ. ರೇಟ್ ಅಥವಾ ಸ್ಪೀಡ್ ಎಂದು ಬರೆದಿರುವ ನಾಬ್ ಆ ಅಲೆಯ ವೇಗವನ್ನು ಹಿಡಿದಿರುತ್ತದೆ, ಡೆಪ್ತ್ ಎಂಬುದು ಅದು ಎಷ್ಟು ಎತ್ತರಕ್ಕೆ ಏಳಬೇಕು ಎಂಬುದನ್ನು. ಹಾಗಾಗಿ ಯಾವ ಪೆಡಲ್ ತುಳಿದರೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಇಲ್ಲಿ ಅಲುಗುತ್ತಿರುವುದು ಏನು? ದನಿಯ ಗಟ್ಟಿತನವೋ, ಶ್ರುತಿಯೋ, ಬಣ್ಣವೋ?

ಇದನ್ನು ಕೇಳಲು ಪೆಡಲಿಗಿಂತ ಮೊದಲು ಕೈಯನ್ನು ಸರಿ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಎಲ್ಲರೂ ತಮಗೆ ಬರುವ ಅತಿ ವೇಗದ ಸೋಲೋ ನುಡಿಸುತ್ತಾರೆ. ಸ್ವರಗಳೇ ಅಷ್ಟು ಓಡುತ್ತಿದ್ದರೆ ಕೆಳಗಿನ ಅಲೆ ಹೇಗೆ ಕೇಳಿಸೀತು? ಡಿಸ್ಟಾರ್ಷನ್ ಇಲ್ಲದೆ, ಒಂದೇ ಒಂದು ಇ ಮೈನರ್ ಕಾರ್ಡ್ ಮೀಟಿ, ಆರೂ ತಂತಿಗಳು ತಾವಾಗಿ ಸುಮ್ಮನಾಗುವವರೆಗೆ ಬಿಡಿ. ರೇಟ್ ಪೂರ್ತಿ ಕೆಳಗೆ, ಡೆಪ್ತ್ ಪೂರ್ತಿ ಮೇಲೆ. ಅಲೆ ನಿಧಾನವಾದಾಗ ಅದು ಏನನ್ನು ಹಿಡಿದು ಜಗ್ಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಟ್ರೆಮೊಲೊದಲ್ಲಿ ಅಲುಗುವುದು ಗಟ್ಟಿತನ ಮಾತ್ರ. ದನಿ ಏರುತ್ತದೆ, ಇಳಿಯುತ್ತದೆ, ಶ್ರುತಿ ಇದ್ದಲ್ಲೇ ಇರುತ್ತದೆ. ವೈಬ್ರಾಟೊದಲ್ಲಿ ಗಟ್ಟಿತನ ಹಾಗೇ ಉಳಿದು ಶ್ರುತಿ ಕಂಪಿಸುತ್ತದೆ. ಇವೆರಡರ ಹೆಸರನ್ನು ಅದಲುಬದಲು ಮಾಡಿದ ಕೀರ್ತಿ ಲಿಯೋ ಫೆಂಡರ್‌ಗೆ ಸಲ್ಲಬೇಕು. 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಶ್ರುತಿ ಬಾಗಿಸುವ ಸಲಾಕೆಗೆ ಟ್ರೆಮೊಲೊ ಎಂದರು, ಆಂಪ್ಲಿಫೈಯರುಗಳಲ್ಲಿ ಗಟ್ಟಿತನ ಅಲುಗಿಸುವ ಸರ್ಕ್ಯೂಟಿಗೆ ವೈಬ್ರಾಟೊ ಎಂದರು. ಇವತ್ತಿಗೂ ಹಳೆಯ ಆಂಪ್ ಕೊಳ್ಳುವವರು ಮುಖಫಲಕದ ಮೇಲಿನ ಅಕ್ಷರ ನಂಬದೆ ನುಡಿಸಿ ನೋಡುವುದು ಒಳ್ಳೆಯದು.

ಟ್ರೆಮೊಲೊ ಏನು ಮಾಡಬಲ್ಲದು ಎಂದು ತಿಳಿಯಲು ದ ಸ್ಮಿತ್ಸ್ ತಂಡದ 1984ರ ‘ಹೌ ಸೂನ್ ಈಸ್ ನೌ?’ ಕೇಳಿ. ಜಾನಿ ಮಾರ್ ನುಡಿಸಿದ ಗಿಟಾರನ್ನು ನಾಲ್ಕು ಫೆಂಡರ್ ಟ್ವಿನ್ ರಿವರ್ಬ್ ಆಂಪ್‌ಗಳಿಗೆ ಕಳಿಸಿ, ನಾಲ್ಕರ ಟ್ರೆಮೊಲೊವನ್ನೂ ಹಾಡಿನ ಲಯಕ್ಕೆ ಕೂಡಿಸಿದ್ದರು. ಆಂಪ್‌ಗಳು ಒಂದಕ್ಕೊಂದು ಹೊಂದದೆ ಜಾರುತ್ತಿದ್ದವು. ಮಾರ್ ಮತ್ತು ನಿರ್ಮಾಪಕ ಜಾನ್ ಪೋರ್ಟರ್ ಇಬ್ಬರೂ ನಾಬ್‌ಗಳ ಮೇಲೆ ಕೈಯಿಟ್ಟು ಕೂತು, ಲಯ ತಪ್ಪಿದಾಗಲೆಲ್ಲ ಟೇಪ್ ಹಿಂದಕ್ಕೆ ಸುತ್ತಿ, ತುಣುಕು ತುಣುಕಾಗಿ ಧ್ವನಿಮುದ್ರಿಸಿದರು. ಹಾಡಿನುದ್ದಕ್ಕೂ ಗಿಟಾರ್ ಮಿಡಿಯುತ್ತಿರುವಂತೆ ಕೇಳುವುದು ಆ ಪಾಡಿನ ಫಲ. ನೀವು ಆ ಪಾಡು ಪಡಬೇಕಿಲ್ಲ, ಲಯವನ್ನು ಕಾಲಲ್ಲಿ ತಟ್ಟಿ ತೋರಿಸುವ ಟ್ಯಾಪ್ ಟೆಂಪೊ ಸೌಲಭ್ಯ ಈಗ ಬಂದಿದೆ. ನಿಮಿಷಕ್ಕೆ 120 ಬಡಿತದ ಹಾಡಾದರೆ ಸೆಕೆಂಡಿಗೆ ಎರಡು ಅಲುಗು ಲಯಕ್ಕೆ ಸರಿ ಕೂರುತ್ತದೆ, ನಾಲ್ಕಾದರೆ ದುಗುಣ. ಟ್ರೆಮೊಲೊ ಕೊಳ್ಳುವವರು ಈ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಬಾಕಿ ಪೆಡಲುಗಳಲ್ಲಿ ಅದಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಲಯಕ್ಕೆ ಕಟ್ಟು ಬೀಳದ ಫೇಸರೇ ಎಷ್ಟೋ ಸಲ ಚೆಂದ.

ಕೋರಸ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೊಸಬರು ಅತಿ ಹೆಚ್ಚು ಕೊಳ್ಳುವುದೂ ಅದೇ, ಅತಿ ಹೆಚ್ಚು ಕೆಡಿಸುವುದೂ ಅದೇ. ಗಿಟಾರಿನ ಧ್ವನಿಯನ್ನು ಎರಡಾಗಿ ಸೀಳಿ ಒಂದನ್ನು ಹಾಗೇ ಬಿಡುತ್ತದೆ, ಇನ್ನೊಂದನ್ನು ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ತಡಮಾಡಿ, ಆ ತಡವನ್ನು ಮೆಲ್ಲಗೆ ಹಿಗ್ಗಿಸಿ ಕುಗ್ಗಿಸುತ್ತದೆ. ತಡ ಬದಲಾದಂತೆ ಶ್ರುತಿಯೂ ಒಂದಿಷ್ಟು ಆಚೀಚೆ ಆಗುತ್ತದೆ. ಎರಡೂ ಸೇರಿದಾಗ ಒಂದೇ ಗಿಟಾರ್ ಎರಡಾದಂತೆ ಕೇಳುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ನಾದ ಹೊಸದಲ್ಲ. ತಂಬೂರಿ ಶ್ರುತಿ ಮಾಡುವಾಗ ಸಾರಣಿ, ಅನುಸಾರಣಿ ಎರಡೂ ಒಂದೇ ಷಡ್ಜಕ್ಕೆ ಕೂಡುವ ಮುನ್ನ, ಕೂದಲೆಳೆಯಷ್ಟು ಅಂತರ ಉಳಿದಿರುವಾಗ, ನಾದ ಉಬ್ಬಿ ಇಳಿಯುತ್ತದೆಯಲ್ಲ, ಅದೇ ಇದು. ಶ್ರುತಿ ಮಾಡುವವರು ಆ ಅಲೆಯನ್ನು ಓಡಿಸಲು ಮಣಿ ಸರಿಸುತ್ತಾರೆ, ಕೋರಸ್ ಅದನ್ನು ಬೇಕೆಂದೇ ಕರೆದು ಕೂರಿಸುತ್ತದೆ. ಹಾಗಾಗಿಯೇ ಶ್ರುತಿಯ ಕಿವಿ ಗಟ್ಟಿಯಾಗಿರುವ ಗಾಯಕರ ಜತೆ ನುಡಿಸುವವರು ಡೆಪ್ತ್ ಏರಿಸುವಾಗ ಅವರ ಮುಖ ನೋಡಿಕೊಳ್ಳುವುದು ಕ್ಷೇಮ.

ಈ ಧ್ವನಿಯ ಮನೆತನ ಜಪಾನಿನದು. ರೋಲ್ಯಾಂಡ್ 1975ರಲ್ಲಿ ಜೆಸಿ-120 ಜಾಝ್ ಕೋರಸ್ ಎಂಬ ಆಂಪ್ ತಂದಿತು. ಅದರಲ್ಲಿ ಎರಡು ಸ್ಪೀಕರ್. ಒಂದರಲ್ಲಿ ನೇರ ಧ್ವನಿ, ಇನ್ನೊಂದರಲ್ಲಿ ಅಲುಗಿಸಿದ ಧ್ವನಿ. ಎರಡೂ ಕೂಡುವುದು ಕೋಣೆಯ ಗಾಳಿಯಲ್ಲಿ. ಮರುವರ್ಷ ಅದೇ ಸರ್ಕ್ಯೂಟನ್ನು ನೆಲದ ಮೇಲಿಡುವ ಡಬ್ಬಿಗೆ ಇಳಿಸಿ ಬಾಸ್ ಸಿಇ-1 ಮಾಡಿದರು, ಬಾಸ್ ಹೆಸರಿನ ಮೊದಲ ಪೆಡಲ್ ಅದು. ಅದರಲ್ಲಿ ಒಂದು ಗುಂಡಿ ಒತ್ತಿದರೆ ನೇರ ಧ್ವನಿ ಬಿಟ್ಟುಹೋಗಿ ಕೋರಸ್ ವೈಬ್ರಾಟೊ ಆಗುತ್ತದೆ. ಎರಡರ ನಂಟು ಎಷ್ಟು ಹತ್ತಿರದ್ದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 1979ರ ಸಿಇ-2 ಹೊತ್ತಿಗೆ ಎಲ್ಲವೂ ಅಂಗೈಯಗಲದ ನೀಲಿ ಡಬ್ಬಿಯಾಗಿ ಎರಡು ನಾಬ್‌ಗೆ ಬಂದು ನಿಂತಿತ್ತು.

ಕೋರಸ್ ಹೇಗೆ ಬಳಸಬೇಕು ಎಂಬುದಕ್ಕೆ ನಿರ್ವಾಣ ತಂಡದ ‘ಕಮ್ ಆ್ಯಸ್ ಯು ಆರ್’ ಹಾಡಿನ ಮೊದಲ ಕೆಲವು ಸೆಕೆಂಡು ಸಾಕು. 1991ರ ‘ನೆವರ್‌ಮೈಂಡ್’ ಆಲ್ಬಮ್ಮಿನದು. ಕರ್ಟ್ ಕೋಬೇನ್ ನುಡಿಸುತ್ತಿರುವುದು ಕೆಳದನಿಯ ಎರಡೇ ತಂತಿಗಳ ಮೇಲೆ, ಸಣ್ಣದೊಂದು ಸಾಲು. ಎಲೆಕ್ಟ್ರೊ-ಹಾರ್ಮೊನಿಕ್ಸ್‌ನ ಸ್ಮಾಲ್ ಕ್ಲೋನ್ ಎಂಬ ಪೆಡಲ್, ಅದಕ್ಕಿರುವುದು ಒಂದು ರೇಟ್ ನಾಬ್, ಡೆಪ್ತಿಗೆ ಒಂದು ಸ್ವಿಚ್. ಹೆಡ್‌ಫೋನ್ ಹಾಕಿ ಕೇಳಿ. ಒಂದೇ ಸ್ವರ ಎರಡನೇ ಸಲ ಬಂದಾಗ ಮೊದಲಿನ ಹಾಗಿರುವುದಿಲ್ಲ. ಒಮ್ಮೆ ಅಲೆಯ ನೆತ್ತಿಯಲ್ಲಿ ಸಿಗುತ್ತದೆ, ಇನ್ನೊಮ್ಮೆ ತಳದಲ್ಲಿ. ಸಾಲು ಅಷ್ಟು ಸರಳವಾಗಿರುವುದರಿಂದಲೇ ಕೋರಸ್‌ಗೆ ಅಲ್ಲಿ ಜಾಗ ಸಿಕ್ಕಿದೆ. ಅದೇ ಪೆಡಲನ್ನು ಆರು ತಂತಿಯ ದಟ್ಟ ಸ್ಟ್ರಮಿಂಗ್ ಮೇಲೆ ಹಾಕಿದರೆ ಎಲ್ಲವೂ ಕಲಸಿ, ತಾಳ ಕೊಡುವ ಮೊನಚೂ ಹೋಗುತ್ತದೆ. ಎಂಬತ್ತರ ದಶಕದ ಎಷ್ಟೋ ಧ್ವನಿಮುದ್ರಿಕೆಗಳು ಇವತ್ತು ಹಳಸಲಾಗಿ ಕೇಳುವುದಕ್ಕೆ ನಾನು ದೂರುವುದು ಇದನ್ನೇ.

ಫೇಸರ್ ನನ್ನ ಪಕ್ಷಪಾತ, ಮುಚ್ಚಿಡುವುದಿಲ್ಲ. ಇಲ್ಲಿ ಶ್ರುತಿಯಲ್ಲ, ಬಣ್ಣ ಅಲುಗುತ್ತದೆ. ಸೀಳಿದ ಧ್ವನಿಯ ಒಂದು ಭಾಗ ಹಲವು ಹಂತಗಳನ್ನು ದಾಟಿ ಬರುವಾಗ ಅದರ ಅಲೆಗಳು ಮುಂದೆಹಿಂದೆ ಆಗಿರುತ್ತವೆ. ನೇರ ಧ್ವನಿಗೆ ಅದನ್ನು ಸೇರಿಸಿದಾಗ ಕೆಲವು ಜಾಗಗಳಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕಿ ನಾದದಲ್ಲಿ ತೂತು ಬೀಳುತ್ತದೆ. ನಾಲ್ಕು ಹಂತಕ್ಕೆ ಎರಡು ತೂತು. ಅವು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಜಾರುತ್ತಿರುತ್ತವೆ. ಸ್ವರ ನಿಂತಿದ್ದರೂ ನಾದ ನಡೆಯುತ್ತಿರುವಂತೆ ಅನಿಸುವುದು ಅದಕ್ಕೇ.

ಇದರ ಅಜ್ಜಿ ಯೂನಿ-ವೈಬ್. ಅರವತ್ತರ ದಶಕದಲ್ಲಿ ಜಪಾನಿನ ಶಿನ್-ಎಯ್ ಕಂಪನಿಗಾಗಿ ಫುಮಿಯೊ ಮಿಯೆಡಾ ರೂಪಿಸಿದ್ದು. ಮುಚ್ಚಳ ತೆಗೆದರೆ ಒಳಗೆ ಒಂದು ಪುಟ್ಟ ಬಲ್ಬು, ಸುತ್ತ ಬೆಳಕಿಗೆ ಸ್ಪಂದಿಸುವ ನಾಲ್ಕು ಕೋಶಗಳು. ಬಲ್ಬು ಉರಿಯುತ್ತ ಮಂಕಾಗುತ್ತ ಹೋದಂತೆ ಕೋಶಗಳು ಧ್ವನಿಯನ್ನು ತಿರುಚುತ್ತವೆ. ಬಲ್ಬಿನ ತಂತಿ ಬಿಸಿಯಾಗುವ ಮತ್ತು ತಣ್ಣಗಾಗುವ ಗತಿ ಒಂದೇ ಅಲ್ಲದ್ದರಿಂದ ಅಲೆ ನಯವಾಗಿ ದುಂಡಗಿರುವುದಿಲ್ಲ, ಒಂದು ಕಡೆ ಕುಂಟುತ್ತದೆ. ಆ ಕುಂಟೇ ಅದರ ಸೊಗಸು. ಜಿಮಿ ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕ್‌ಗೆ ಇದನ್ನು ಒಯ್ದಿದ್ದ. 1970ರ ಜನವರಿ 1ರಂದು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ಮಷೀನ್ ಗನ್’ ಕೇಳಿದರೆ, ಉದ್ದಕ್ಕೆ ಹಿಡಿದ ಒಂದೊಂದು ಸ್ವರದ ಕೆಳಗೂ ಈ ಕುಂಟು ಅಲೆ ಉರುಳುವುದು ಗೊತ್ತಾಗುತ್ತದೆ. ಗಟ್ಟಿ ಫಝ್ ಧ್ವನಿಯನ್ನೂ ಅದು ಬಿಡುವುದಿಲ್ಲ. ಇದೇ ವಂಶದ ಸೌಮ್ಯ ಮುಖ ಬೇಕಿದ್ದವರು ಪಿಂಕ್ ಫ್ಲಾಯ್ಡ್‌ನ 1973ರ ‘ಬ್ರೀದ್’ ಕೇಳಬಹುದು.

1974ರಲ್ಲಿ ಅಮೆರಿಕದ ಎಂಎಕ್ಸ್‌ಆರ್ ತಂದ ಫೇಸ್ 90, ಕಿತ್ತಳೆ ಬಣ್ಣದ ಡಬ್ಬಿ, ಒಂದೇ ನಾಬ್: ಸ್ಪೀಡ್. ಡೆಪ್ತ್ ಇಲ್ಲ, ಮಿಕ್ಸ್ ಇಲ್ಲ. ಅದರ ನಾಬನ್ನು ಗಡಿಯಾರದ ಒಂಬತ್ತು ಗಂಟೆಯ ಕಡೆಗಿಟ್ಟರೆ ಅಲೆ ಒಂದು ಸುತ್ತು ಬರಲು ಕೆಲವು ಸೆಕೆಂಡು ಹಿಡಿಯುತ್ತದೆ; ಕೇಳುವವರಿಗೆ ಪೆಡಲ್ ಹಾಕಿದ್ದೇ ಗೊತ್ತಾಗದು, ತೆಗೆದಾಗ ಮಾತ್ರ ಏನೋ ಸಪ್ಪೆಯಾಯಿತು ಎನಿಸುತ್ತದೆ. ಎಡ್ಡಿ ವ್ಯಾನ್ ಹೇಲನ್ 1978ರ ‘ಇರಪ್ಷನ್’ನಲ್ಲಿ ಇದನ್ನು ಬಳಸಿದ್ದ. ಮೂರು ಗಂಟೆಯ ಆಚೆ ತಿರುಗಿಸಿದರೆ ಅಲೆ ಗುಳುಗುಳು ಎನ್ನುತ್ತದೆ, ಅದನ್ನು ಒಂದು ಹಾಡಿನಲ್ಲಿ ಎಂಟು ಮಾತ್ರೆಗಿಂತ ಹೆಚ್ಚು ನಾನಂತೂ ತಾಳಿಕೊಳ್ಳಲಾರೆ. ಮೊದಲ ಮಾಡ್ಯುಲೇಷನ್ ಪೆಡಲ್ ಯಾವುದು ಕೊಳ್ಳಲಿ ಎಂದು ಕೇಳಿದವರಿಗೆ ನನ್ನ ಉತ್ತರ ನಾಲ್ಕು ಹಂತದ, ಒಂದು ನಾಬಿನ ಫೇಸರ್. ಸ್ವಚ್ಛ ಧ್ವನಿಗೂ ಒಗ್ಗುತ್ತದೆ, ಡಿಸ್ಟಾರ್ಷನ್‌ಗೂ ಒಗ್ಗುತ್ತದೆ, ಗಾಯಕರ ಶ್ರುತಿಯ ತಂಟೆಗೆ ಹೋಗುವುದಿಲ್ಲ.

ಫ್ಲ್ಯಾಂಜರ್ ಹಠಮಾರಿ. ಕೋರಸ್ ಹಾಗೆಯೇ ತಡಮಾಡುತ್ತದೆ, ಆದರೆ ಇನ್ನೂ ಕಡಿಮೆ, ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು. ಹೊರಬಂದದ್ದನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ. ಫೇಸರಿನಲ್ಲಿ ಎರಡೋ ಮೂರೋ ಇದ್ದ ತೂತುಗಳು ಇಲ್ಲಿ ನಾದದುದ್ದಕ್ಕೂ ಸಮ ಅಂತರದಲ್ಲಿ ಸಾಲುಗಟ್ಟುತ್ತವೆ. ಆ ಸಾಲು ಸರಿಯುವಾಗ ಜೆಟ್ ವಿಮಾನ ಹಾರಿಹೋದ ಸದ್ದು. ಪೆಡಲ್ ಬರುವ ಮೊದಲು ಇದನ್ನು ಸ್ಟುಡಿಯೋದಲ್ಲಿ ಎರಡು ಟೇಪ್ ಯಂತ್ರ ಒಟ್ಟಿಗೆ ಓಡಿಸಿ, ಒಂದರ ವೇಗವನ್ನು ತುಸು ತಡೆದು ಮಾಡುತ್ತಿದ್ದರು. ಸ್ಮಾಲ್ ಫೇಸಸ್ ತಂಡದ 1967ರ ‘ಇಚಿಕೂ ಪಾರ್ಕ್’ ಪ್ರಸಿದ್ಧ ಉದಾಹರಣೆ. ಪೆಡಲುಗಳಲ್ಲಿ ಎಲೆಕ್ಟ್ರಿಕ್ ಮಿಸ್ಟ್ರೆಸ್ ಹೆಸರುವಾಸಿ. ದ ಪೊಲೀಸ್ ತಂಡದ ಆ್ಯಂಡಿ ಸಮರ್ಸ್ 1979ರ ‘ವಾಕಿಂಗ್ ಆನ್ ದ ಮೂನ್’ನಲ್ಲಿ ಒಂದು ಕಾರ್ಡ್ ಮೀಟಿ, ಅದು ಹರಡಲು ಬಿಟ್ಟು, ಸುಮ್ಮನಿರುತ್ತಾನೆ. ಫ್ಲ್ಯಾಂಜರ್ ಆಸೆಯಿದ್ದವರು ಆ ಸುಮ್ಮನಿರುವುದನ್ನೂ ಕಲಿಯಬೇಕು. ಫೀಡ್‌ಬ್ಯಾಕ್ ನಾಬ್ ಇಲ್ಲದ ಫ್ಲ್ಯಾಂಜರ್ ಕೊಳ್ಳಬೇಡಿ. ಅದನ್ನು ತಗ್ಗಿಸಿದಾಗ ಮಾತ್ರ ಈ ಪೆಡಲ್ ಮನುಷ್ಯರ ಜತೆ ಬಾಳುತ್ತದೆ.

ಎಲ್ಲಿ ಜೋಡಿಸಬೇಕು ಎಂಬುದೂ ಆಯ್ಕೆಯಷ್ಟೇ ಮುಖ್ಯ. ಪುಸ್ತಕದ ಪ್ರಕಾರ ಡಿಸ್ಟಾರ್ಷನ್ ಆದ ಮೇಲೆ ಮಾಡ್ಯುಲೇಷನ್, ಅದಾದ ಮೇಲೆ ಡಿಲೇ, ರಿವರ್ಬ್. ಕೋರಸ್‌ಗೆ ಇದು ಸರಿ. ಫೇಸರ್, ಯೂನಿ-ವೈಬ್ ಜಾತಿಯವನ್ನು ಡಿಸ್ಟಾರ್ಷನ್‌ಗಿಂತ ಮೊದಲು ಇಟ್ಟು ಒಮ್ಮೆ ಕೇಳಿ. ನಂತರ ಇಟ್ಟರೆ ಅಲೆ ಮೇಲೆದ್ದು ಕಾಣುತ್ತದೆ, ಮೊದಲು ಇಟ್ಟರೆ ಡಿಸ್ಟಾರ್ಷನ್ ಅದನ್ನು ನುಂಗಿ ಒಳಗಿನಿಂದ ಮಿಡಿಯುವಂತೆ ಮಾಡುತ್ತದೆ. ಸ್ಟೀರಿಯೊ ಔಟ್‌ಪುಟ್ ಇರುವ ಕೋರಸ್‌ಗೆ ದುಡ್ಡು ಸುರಿಯುವ ಮುನ್ನ ನಿಮ್ಮ ಹತ್ತಿರ ಎರಡು ಆಂಪ್ ಇದೆಯೇ, ಇದ್ದರೂ ಅವನ್ನು ವೇದಿಕೆಗೆ ಹೊರುವವರು ಯಾರು ಎಂಬುದನ್ನು ಯೋಚಿಸಿ. ಒಂದೇ ಆಂಪ್ ಆದರೆ ಆ ಎರಡನೇ ಕಿಂಡಿ ಧೂಳು ತಿನ್ನುತ್ತದೆ.

ಕೊಳ್ಳುವ ದಿನ ಕೋಣೆಯ ಮೆಲುದನಿಯಲ್ಲಿ ಕೇಳಿ ತೀರ್ಮಾನಿಸಬೇಡಿ. ಒಂಟಿಯಾಗಿ ನುಡಿಸುವಾಗ ಆಳವಾದ ಅಲೆ ಹಿತವೆನಿಸುತ್ತದೆ, ಡ್ರಮ್ಸ್ ಮತ್ತು ಬೇಸ್ ಜತೆ ಸೇರಿದಾಗ ಅದೇ ಗಿಟಾರ್ ಹಿಂದೆ ಸರಿದುಬಿಡುತ್ತದೆ. ಫೋನಿನಲ್ಲಿ ಒಂದು ಹಾಡು ಹಾಕಿಕೊಂಡು ಅದರ ಮೇಲೆ ನುಡಿಸಿ ನೋಡಿದರೂ ಅರ್ಧ ನಿಜ ತಿಳಿಯುತ್ತದೆ. ಪೆಡಲ್ ಒತ್ತಿದ ಕೂಡಲೇ ಒಟ್ಟು ಧ್ವನಿ ಏರುತ್ತದೆಯೋ ತಗ್ಗುತ್ತದೆಯೋ ಗಮನಿಸಿ. ತುಸು ಗಟ್ಟಿಯಾದದ್ದನ್ನೇ ಕಿವಿ ಒಳ್ಳೆಯದೆಂದು ಒಪ್ಪಿಕೊಳ್ಳುತ್ತದೆ, ಎರಡು ಪೆಡಲ್ ಹೋಲಿಸುವಾಗ ಇದರಿಂದ ಮೋಸಹೋಗುವವರೇ ಹೆಚ್ಚು. ಅಡಾಪ್ಟರನ್ನೂ ನೋಡಿಕೊಳ್ಳಿ. ಇವತ್ತಿನ ಬಹುಪಾಲು ಪೆಡಲುಗಳಿಗೆ 9 ವೋಲ್ಟ್, ನಡುವಿನ ಕಡ್ಡಿ ಋಣ. ಡಿಜಿಟಲ್ ಪೆಡಲುಗಳು ಕರೆಂಟು ಹೆಚ್ಚು ಕುಡಿಯುತ್ತವೆ. ಹಳೆಯದನ್ನು ಕೊಳ್ಳುವುದಾದರೆ ಕಿಂಡಿಯ ಗುರುತು ಓದದೆ ಚುಚ್ಚಬೇಡಿ. ಎಪ್ಪತ್ತರ ದಶಕದ ಮೂಲ ಫೇಸ್ 90ಗಳಿಗಂತೂ ಅಡಾಪ್ಟರ್ ಕಿಂಡಿಯೇ ಇಲ್ಲ, ಹಿಂಬದಿಯ ತಿರುಪು ಬಿಚ್ಚಿ ಬ್ಯಾಟರಿಯನ್ನೇ ಹಾಕಬೇಕು.