ಗಾಜಿಲ್ಲದ ಭಾವಚಿತ್ರ: ಕ್ಯಾನ್ವಾಸಿನ ಮೇಲಿನ ಮನೆಯ ಛಾಯಾಚಿತ್ರವನ್ನು ಕುರಿತು

ಮೈಸೂರಿನ ಕಲಾಚರಿತ್ರೆಯಲ್ಲಿ ಛಾಯಾಚಿತ್ರಕ್ಕೂ ಕ್ಯಾನ್ವಾಸಿಗೂ ಇರುವ ನಂಟು ಹೊಸದೇನಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳನ್ನು ಸುತ್ತುವರಿದಿರುವ ದಸರಾ ಮೆರವಣಿಗೆಯ 26 ಚಿತ್ರಫಲಕಗಳು 1934ರಿಂದ 1945ರವರೆಗಿನ ಅವಧಿಯಲ್ಲಿ ಕೆ. ಕೇಶವಯ್ಯ, ವೈ. ನಾಗರಾಜು ಮೊದಲಾದ ಕಲಾವಿದರ ಕುಂಚದಿಂದ ಮೂಡಿದವು. ಅವುಗಳಿಗೆ ಆಧಾರವಾದುದು ಮೆರವಣಿಗೆಯ ಛಾಯಾಚಿತ್ರಗಳು. ಆದರೆ ಅಲ್ಲಿ ಛಾಯಾಚಿತ್ರವು ಸಾಕ್ಷಿಯ ಸ್ಥಾನದಲ್ಲಿತ್ತೇ ಹೊರತು ಚಿತ್ರದ ಸ್ಥಾನದಲ್ಲಿರಲಿಲ್ಲ. ಕಪ್ಪು ಬಿಳುಪಿನ ಆ ಸಾಕ್ಷ್ಯದಿಂದ ಜರಿಪೇಟದ ಹೊಳಪನ್ನೂ ಆನೆಯ ಜೂಲಿನ ಕೆಂಪನ್ನೂ ಕಲಾವಿದನೇ ನಿರ್ಧರಿಸಬೇಕಾಗಿತ್ತು; ಯಾವ ಮುಖ ಮುಂದೆ ಬರಬೇಕು, ಯಾವುದು ನೆರಳಿಗೆ ಸರಿಯಬೇಕು ಎಂಬುದನ್ನೂ ಸಹ. ಛಾಯಾಚಿತ್ರದಿಂದ ಕ್ಯಾನ್ವಾಸಿಗೆ ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನ ವಿವೇಚನೆ ನಿಂತಿತ್ತು.

ಇಂದು ಆ ದಾರಿ ಬಹಳ ಚಿಕ್ಕದಾಗಿದೆ. ಹುಣಸೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವಲ್ಲಿರುವ ಹಿನಕಲ್ ಇದಕ್ಕೆ ಒಳ್ಳೆಯ ನಿದರ್ಶನ. ನನ್ನೇಶ್ವರನ ಹಳೆಯ ಗುಡಿಯ ಸುತ್ತಲಿನ ಊರು ಬಡಾವಣೆಗಳ ನಡುವೆ ಸಿಕ್ಕಿ, 2020ರಲ್ಲಿ ರಚನೆಯಾದ ಹೂಟಗಳ್ಳಿ ನಗರಸಭೆಯೊಳಗೆ ಸೇರಿತು. ಇಂತಹ ಊರಿನಲ್ಲಿ ಹಳೆಯ ಮನೆಯ ಪಡಸಾಲೆಯೂ ಹೊಸ ಮನೆಯ ‘ಹಾಲ್’ ಕೂಡ ಒಂದೇ ಬೀದಿಯಲ್ಲಿ ಕಾಣಸಿಗುತ್ತವೆ. ಪಡಸಾಲೆಯ ಗೋಡೆಯ ಭಾವಚಿತ್ರಗಳು ಮೇಲ್ಭಾಗದಲ್ಲಿ, ತುಸು ಮುಂದಕ್ಕೆ ಬಾಗಿ, ಕಪ್ಪು ಚೌಕಟ್ಟಿನ ಗಾಜಿನೊಳಗಿಂದ ಕೆಳಗೆ ನೋಡುತ್ತವೆ. ಹಾಲಿನ ಗೋಡೆಯಲ್ಲಿ ಸೋಫಾದ ಹಿಂದೆ, ಕಣ್ಣಿನ ಮಟ್ಟಕ್ಕೆ, ಚೌಕಟ್ಟೂ ಗಾಜೂ ಇಲ್ಲದ ಕ್ಯಾನ್ವಾಸ್ ನಿಲ್ಲುತ್ತದೆ. ಅದರಲ್ಲಿರುವುದು ಮದುವೆಯ ಜೋಡಿ, ಮಗುವಿನ ನಾಮಕರಣ, ಪ್ರವಾಸದ ಸಮುದ್ರತೀರ. ನೇತುಹಾಕುವ ಎತ್ತರದಲ್ಲಿನ ಈ ವ್ಯತ್ಯಾಸವನ್ನು ಕೇವಲ ಅಲಂಕಾರದ ಮಾತೆಂದು ಬದಿಗಿಡುವಂತಿಲ್ಲ.

ಮೊದಲು ವಸ್ತುವಿನ ವಿಚಾರ. ಮೈಸೂರು ಸಂಪ್ರದಾಯದ ಚಿತ್ರಗಾರನಿಗೆ ನೆಲವನ್ನು ಸಿದ್ಧಪಡಿಸುವುದೇ ಅರ್ಧ ಕೆಲಸವಾಗಿತ್ತು. ಚಿನ್ನದ ರೇಕು ಕೂರಬೇಕಾದ ಉಬ್ಬುಗೆಲಸಕ್ಕೆ ಮಕ್ಕಿ ಸಫೇದದ ಲೇಪ ಅನಿವಾರ್ಯ. ಕ್ಯಾನ್ವಾಸ್ ಮುದ್ರಣದಲ್ಲಿಯೂ ನೆಲವಿದೆ. ಆದರೆ ಅದು ಕಾರ್ಖಾನೆಯಿಂದಲೇ ಬರುತ್ತದೆ. ಹತ್ತಿಯ ಅಥವಾ ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಬಳಿದ ಬಿಳಿಯ ಲೇಪವೇ ಶಾಯಿಯ ಹನಿಗಳನ್ನು ಹರಡದಂತೆ ಹಿಡಿದುಕೊಳ್ಳುವುದು. ಅಂದರೆ ಚಿತ್ರವಿರುವುದು ಬಟ್ಟೆಯಲ್ಲಲ್ಲ, ಲೇಪದಲ್ಲಿ. ಎಣ್ಣೆವರ್ಣಕ್ಕೆ ನೇಯ್ಗೆಯ ಒರಟು ಬೇಕಾದುದು ಬಣ್ಣ ಕಚ್ಚಿಕೊಳ್ಳಲಿ ಎಂದು. ಇಲ್ಲಿ ಅದೇ ಒರಟು ‘ಇದು ಕಲಾಕೃತಿ’ ಎಂದು ಸಾರುವ ಗುರುತು ಮಾತ್ರ. 1991ರಲ್ಲಿ ಅಮೆರಿಕದ ಮುದ್ರಣಕಾರ ಜ್ಯಾಕ್ ಡುಗನ್ ಇಂತಹ ಶಾಯಿಸಿಂಪಡಣೆಯ ಮುದ್ರಣಕ್ಕೆ ‘ಜಿಕ್ಲೇ’ ಎಂಬ ಫ್ರೆಂಚ್ ಛಾಯೆಯ ಹೆಸರಿಟ್ಟದ್ದೂ ಅದು ಕಚೇರಿಯ ಯಂತ್ರದ ಹೆಸರಿನಂತೆ ಕೇಳಿಸಬಾರದೆಂದೇ. ಹೆಸರಿನ ಹಂಬಲ ಮತ್ತು ನೇಯ್ಗೆಯ ಹಂಬಲ ಒಂದೇ ಬಗೆಯವು.

ಈ ಹಂಬಲದ ಅತಿರೇಕ ಕಾಣುವುದು ತಂತ್ರಾಂಶದ ಮೂಲಕ ಮುಖದ ಮೇಲೆ ಕುಂಚದ ಎಳೆಗಳನ್ನು ಹರಿಸಿದಾಗ, ಇಲ್ಲವೇ ಮುದ್ರಣವಾದ ಮೇಲೆ ಪಾರದರ್ಶಕ ಅಂಟಿನಿಂದ ಬರೆಗಳನ್ನೆಳೆದಾಗ. ಕೆನ್ನೆಯ ತಿರುವಿಗೂ ಆ ಬರೆಗಳ ದಿಕ್ಕಿಗೂ ಯಾವ ಸಂಬಂಧವೂ ಇರುವುದಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರವಿವರ್ಮನ ಕೃತಿಗಳ ಮುಂದೆ ಒಮ್ಮೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಛಾಯಾಚಿತ್ರಕ್ಕೆ ಕೈಯಿಂದ ಬಣ್ಣ ಹಾಕುತ್ತಿದ್ದವನೂ ಸೀರೆಯ ಅಂಚನ್ನು ಕಲ್ಪಿಸಿಯೇ ಬರೆಯುತ್ತಿದ್ದ. ಆದರೆ ಅವನು ಮನೆಯವರನ್ನು ಸೀರೆಯ ಬಣ್ಣ ಯಾವುದೆಂದು ಕೇಳಬಹುದಾಗಿತ್ತು. ಯಂತ್ರ ಕೇಳುವುದಿಲ್ಲ.

ಹಾಗೆಂದು ಕ್ಯಾನ್ವಾಸ್ ಮುದ್ರಣವನ್ನು ಅಗ್ಗದ ಅನುಕರಣೆಯೆಂದು ತಳ್ಳಿಹಾಕುವುದು ಆತುರದ ವಿಮರ್ಶೆಯಾಗುತ್ತದೆ. ಎಣ್ಣೆವರ್ಣದ ಭಾವಚಿತ್ರಕ್ಕೆ ಕೂರುವ ಅವಕಾಶ ಅರಸರಿಗೆ, ದಿವಾನರಿಗೆ, ಸಿರಿವಂತರಿಗೆ ಇತ್ತು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತ ಅಜ್ಜಿಗೆ ಇರಲಿಲ್ಲ. ಮೊಮ್ಮಗ ಮೊಬೈಲಿನಲ್ಲಿ ತೆಗೆದ ಚಿತ್ರ ಎರಡಡಿಯ ಕ್ಯಾನ್ವಾಸಾಗಿ ಗೋಡೆಗೇರಿದಾಗ ಆಕೆಯ ಮುಖಕ್ಕೆ ದೊರೆಯುವ ಗಾತ್ರ ಸಣ್ಣ ವಿಷಯವಲ್ಲ. ಇಲ್ಲಿ ನೇಯ್ಗೆ ಮತ್ತೊಂದು ಉಪಕಾರವನ್ನೂ ಮಾಡುತ್ತದೆ. ವಾಟ್ಸಾಪಿನಲ್ಲಿ ಸಾಧಾರಣ ಗುಣಮಟ್ಟದಲ್ಲಿ ಹಾದುಬಂದ ಚಿತ್ರದ ಉದ್ದದ ಬದಿಯಲ್ಲಿ ಸುಮಾರು 1600 ಬಿಂದುಗಳು ಉಳಿದಿರುತ್ತವೆ. ಅದನ್ನು 24 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 67 ಬಿಂದು ಮಾತ್ರ. 150 ಇರಬೇಕೆಂದರೆ 3600 ಬೇಕು. ನುಣುಪಾದ ಕಾಗದದಲ್ಲಿ ಒಡೆದು ಕಾಣುವ ಈ ಕೊರತೆ ಕ್ಯಾನ್ವಾಸಿನ ಒರಟಿನಲ್ಲಿ ಎಷ್ಟೋ ಮರೆಯಾಗುತ್ತದೆ. ಮೂಲ ಕಡತ ಕಳೆದುಹೋಗಿ, ಹಂಚಿಕೊಂಡ ಪ್ರತಿ ಮಾತ್ರ ಉಳಿದ ಮನೆಗಳಿಗೆ ಇದೇ ಸಿಕ್ಕ ಭಾಗ್ಯ.

ನಷ್ಟವಾಗುವುದು ಅಂಚಿನಲ್ಲಿ. ಒಂದೂವರೆ ಅಂಗುಲ ದಪ್ಪದ ಮರದ ಚೌಕಟ್ಟಿಗೆ ಕ್ಯಾನ್ವಾಸನ್ನು ಎಳೆದು ಹೊದಿಸುವಾಗ ಚಿತ್ರವೇ ಬದಿಗಳಿಗೆ ಮಡಚಿಕೊಳ್ಳುತ್ತದೆ. 24ಕ್ಕೆ 16 ಅಂಗುಲದ ಚಿತ್ರದಲ್ಲಿ ಎದುರಿಗೆ ಉಳಿಯುವುದು 21ಕ್ಕೆ 13. ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಬದಿಗೆ ಹೋಯಿತು. ಸಮುದ್ರತೀರದ ಚಿತ್ರಕ್ಕೆ ಇದರಿಂದ ಹಾನಿಯಿಲ್ಲ. ಕುಟುಂಬದ ಗುಂಪುಚಿತ್ರದ ಮಾತೇ ಬೇರೆ. ಅಲ್ಲಿ ನಡುವಿನ ಕುರ್ಚಿ ಯಜಮಾನನದು; ಅಂಚಿನಲ್ಲಿ ನಿಂತವರು ಮನೆಯಲ್ಲಿಯೂ ಅಂಚಿನವರೇ: ವಿಧವೆಯಾದ ಅತ್ತೆ, ಓದಲು ಬಂದು ಉಳಿದ ದೂರದ ಹುಡುಗ, ಮಗುವನ್ನೆತ್ತಿಕೊಂಡ ಕೆಲಸದಾಕೆ. ಹಳೆಯ ಚೌಕಟ್ಟು ಅವರನ್ನು ಅಂಚಿಗೆ ಸರಿಸಿದರೂ ಚಿತ್ರದೊಳಗೆ ಇರಿಸಿಕೊಂಡಿತ್ತು. ಹೊಸ ಹೊದಿಕೆ ಅವರ ಅರ್ಧ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತದೆ. ಅಂಚನ್ನು ಬಿಳಿಯಾಗಿ ಬಿಡುವ, ಅಥವಾ ಅಂಚಿನ ಪಟ್ಟಿಯನ್ನು ಕನ್ನಡಿಯ ಬಿಂಬದಂತೆ ತಿರುವಿ ಬದಿಗೆ ಮುದ್ರಿಸುವ ಉಪಾಯಗಳು ಇವೆ. ಮುದ್ರಣಕ್ಕೆ ಕೊಡುವವರು ಅದನ್ನು ಕೇಳಿ ಪಡೆಯಬೇಕು. ಕಲ್ಯಾಣ ಮಂಟಪದ ಕಲಾವಿದ ಮಾಡುತ್ತಿದ್ದ ನಿರ್ಧಾರ ಈಗ ಗ್ರಾಹಕನ ಪಾಲಿಗೆ ಬಂದಿದೆ, ಹಲವು ವೇಳೆ ಅವನಿಗೆ ತಿಳಿಯದೆಯೇ.

ಕೊನೆಯದಾಗಿ ಗಾಜು. ನಮ್ಮ ಮನೆಗಳಲ್ಲಿ ಭಾವಚಿತ್ರದ ಗಾಜು ಧೂಳಿನ ತಡೆಯಷ್ಟೇ ಆಗಿರಲಿಲ್ಲ. ಗತಿಸಿದವರ ಹಣೆಗೆ ಗಂಧ ಕುಂಕುಮವಿಡುವುದು ಗಾಜಿನ ಮೇಲೆ. ವರ್ಷಾಬ್ದಿಕದ ದಿನ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಇಡುವುದೂ ಅಲ್ಲಿಯೇ. ಮುಟ್ಟಬಹುದು, ಆದರೆ ಮುಖಕ್ಕೆ ತಾಗದು. ಕ್ಯಾನ್ವಾಸಿನಲ್ಲಿ ಈ ಅಂತರವಿಲ್ಲ. ಕುಂಕುಮ ನೇಯ್ಗೆಯ ಸಂದಿಗಿಳಿದು ಕಲೆಯಾಗುತ್ತದೆ; ವಾರ್ನಿಷ್ ಇಲ್ಲದ ಮುದ್ರಣವನ್ನು ಒದ್ದೆ ಬಟ್ಟೆಯಿಂದ ತಿಕ್ಕಿದರೆ ಲೇಪವೇ ಸವೆಯುತ್ತದೆ; ಊದುಬತ್ತಿಯ ಹೊಗೆ ಕೂರುತ್ತದೆ. ಹೀಗಾಗಿ ಕ್ಯಾನ್ವಾಸ್ ಒಪ್ಪುವುದು ಬದುಕಿರುವವರ ಚಿತ್ರಕ್ಕೆ. ಹಿತ್ತಲಿನ ಅಜ್ಜಿ ಹಾಲಿನ ಗೋಡೆಯಲ್ಲಿ ನಗುತ್ತಿರುವಷ್ಟು ಕಾಲ ತೊಡಕಿಲ್ಲ. ಆಕೆ ತೀರಿಕೊಂಡ ಮೇಲೆ ಅದೇ ಚಿತ್ರ ಕಾಗದದ ಮೇಲೆ ಮತ್ತೊಮ್ಮೆ, ಚಿಕ್ಕದಾಗಿ, ಅವರೆಕಾಯಿಯ ಮೊರವನ್ನು ಕತ್ತರಿಸಿ ಮುಖ ಮಾತ್ರ ಉಳಿಸಿಕೊಂಡು ಮುದ್ರಣಗೊಂಡು, ಗಾಜಿನ ಹಿಂದೆ ಸೇರಿ, ಗೋಡೆಯ ಮೇಲ್ಭಾಗಕ್ಕೆ ಏರಬೇಕಾಗುತ್ತದೆ.