ಅರ್ಜೆಂಟು ಯಾರದ್ದು, ತುರ್ತು ಯಾವುದರದ್ದು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ಅರ್ಜೆಂಟು’ ಇಂಗ್ಲಿಷ್ ಪದವೆಂದು ಯಾರಿಗೂ ಅನಿಸುವುದಿಲ್ಲ. ಶಾಲೆಯ ಮುಖ ನೋಡದ ಅಜ್ಜಿಯೂ ಮೊಮ್ಮಗನಿಗೆ “ಅರ್ಜೆಂಟ್ ಮಾಡ್ಬೇಡ, ಕೂತ್ಕಂಡು ಉಣ್ಣು” ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಕೆಲಸಕ್ಕೋ ಸಂದರ್ಭಕ್ಕೋ ಸೇರಿದ ಗುಣ. ನಮ್ಮಲ್ಲಿ ಅದು ಮನುಷ್ಯನ ಸ್ವಭಾವವಾಯಿತು: “ಅವನಿಗೆ ಎಲ್ಲದಕ್ಕೂ ಅರ್ಜೆಂಟು.” ಪದ ಹೀಗೆ ಬೇರು ಬಿಟ್ಟಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕೆಲಸದ ತುರ್ತನ್ನೂ ಮನುಷ್ಯನ ಅವಸರವನ್ನೂ ಒಂದೇ ಪದದಲ್ಲಿ ಹೇಳಿ ಹೇಳಿ, ಯಾವುದು ನಿಜಕ್ಕೂ ಕಾಯಲಾರದ್ದು ಎಂಬುದು ಕೇಳುವವರಿಗೆ ತಿಳಿಯದಂತಾಗಿದೆ. ಅದು ನನ್ನನ್ನು ಕಾಡುತ್ತದೆ.

ಅಡಿಕೆ ತೋಟದಲ್ಲಿ ಮಾತ್ರ ಈ ವ್ಯತ್ಯಾಸ ಇನ್ನೂ ಗಟ್ಟಿಯಾಗಿ ಉಳಿದಿದೆ. ಕೊಳೆರೋಗ ತಡೆಯಲು ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಎರಡನೆಯ ಸಲಕ್ಕೆ ಬರುವ ಹೊತ್ತಿಗೆ ಮಳೆ ಬಿಡುವು ಕೊಡುವುದೇ ಅಪರೂಪ. ಎರಡು ದಿನ ಹೊಳವಾಯಿತೆಂದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನು ಹೋಗುತ್ತದೆ: “ಹೊಳವಾಗಿದೆ ಮಾರಾಯ, ನಾಳೆ ಬರದಿದ್ರೆ ಕೊಳೆ ಹತ್ತುತ್ತೆ.” ಈ ಮಾತಿನಲ್ಲಿ ಅರ್ಜೆಂಟು ಇಲ್ಲ, ತುರ್ತು ಇಲ್ಲ, ಬೇಗ ಎಂಬುದೂ ಇಲ್ಲ. ಎಷ್ಟು ಹೊತ್ತಿನೊಳಗೆ ಆಗಬೇಕು, ಆಗದಿದ್ದರೆ ಕಳೆದುಕೊಳ್ಳುವುದೇನು ಎಂಬೆರಡೇ ಇವೆ. ಕೇಳಿದವನು ಬೇರೆ ತೋಟದ ಕೆಲಸವನ್ನು ಮುಂದಕ್ಕೆ ಹಾಕಿ ಬರುವುದು ಆ ಎರಡು ಸಂಗತಿಗಳಿಗಾಗಿ.

ಅದೇ ತೋಟದಲ್ಲಿ ಮರುದಿನ ಬೆಳಿಗ್ಗೆ ಏನಾಗುತ್ತದೆ ನೋಡಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಬೆರೆಸಬೇಕು. ಬೆರೆಸಿದ್ದಕ್ಕೆ ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದು, ಅಲಗಿಗೆ ತಾಮ್ರದ ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ನೆತ್ತಿಯ ಮೇಲೆ ಮೋಡ ಕಟ್ಟುತ್ತಿದ್ದರೂ ಈ ಪರೀಕ್ಷೆಯನ್ನು ಯಾರೂ ಬಿಡುವುದಿಲ್ಲ. ಬಿಟ್ಟರೆ ಎಳೆಗಾಯಿ ಸುಟ್ಟೀತು. ತುರ್ತು ಇಷ್ಟಿದ್ದರೂ ಅಲ್ಲಿ ಅವಸರವಿಲ್ಲ. ಕೊನೆಗಾರನಿಗೆ ಹೇಳಿದ ಆ ಮಾತನ್ನು ನಾನು ಭಾಷೆಯ ಅತ್ಯುತ್ತಮ ಬಳಕೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಕಚೇರಿಯ ಕನ್ನಡಕ್ಕೆ ಬಂದರೆ ಈ ಖಚಿತತೆ ಮಾಯ. ಪತ್ರದ ತಲೆಯಲ್ಲಿ ‘ಜರೂರು’, ಅದಕ್ಕೆ ಬೆಲೆ ಇಳಿದಾಗ ‘ಅತಿ ಜರೂರು’, ಅದೂ ಸಾಲದಾದಾಗ ‘ಅತ್ಯಂತ ತುರ್ತು’. ಮೆಟ್ಟಿಲು ಏರಿದಂತೆಲ್ಲ ತೂಕ ಇಳಿಯುತ್ತದೆ, ಏಕೆಂದರೆ ಯಾವ ದಿನದೊಳಗೆ ಎಂಬುದನ್ನು ಈ ಪದಗಳು ಹೇಳುವುದಿಲ್ಲ. ಇದಕ್ಕೆ ಮದ್ದು ನಮ್ಮ ರಾಜ್ಯದಲ್ಲೇ ಇದೆ. 2011ರ ನಾಗರಿಕ ಸೇವಾ ಖಾತರಿ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’, ಒಂದೊಂದು ಸೇವೆಗೂ ಇಂತಿಷ್ಟು ದಿನವೆಂದು ಗೊತ್ತುಮಾಡಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ನಿಗದಿ ಮಾಡಿತು. ಆಚರಣೆಯಲ್ಲಿ ಅದರ ಕುಂದುಕೊರತೆ ಏನೇ ಇರಲಿ, ವಿಶೇಷಣವನ್ನು ಬಿಟ್ಟು ಗಡುವನ್ನು ಬರೆದದ್ದು ದೊಡ್ಡ ಹೆಜ್ಜೆ.

ಎರವಲು ಪದ ಮೂಲಕ್ಕಿಂತ ಹರಿತವಾಗುವುದೂ ಉಂಟು. 2013ರ ಜುಲೈನಲ್ಲಿ ನಿಂತುಹೋದ ತಂತಿಯ ಕಾಲದಲ್ಲಿ, ಊರಿಂದ ‘ಸೀರಿಯಸ್’ ಎಂದು ಬಂದರೆ ಗಂಭೀರ ಕಾಯಿಲೆ ಎಂದಷ್ಟೇ ಅರ್ಥವಾಗುತ್ತಿರಲಿಲ್ಲ. ಮುಖ ನೋಡಬೇಕಾದರೆ ಈಗಲೇ ಹೊರಡು ಎಂದೇ ಅರ್ಥ. ಹಲವರು ಅಲ್ಲೇ ಅಳುತ್ತಾ ಬಸ್ಸು ಹತ್ತುತ್ತಿದ್ದರು. ಇಂದಿಗೂ ಮಲೆನಾಡಿನಲ್ಲಿ “ಸೀರಿಯಸ್ ಇದೆಯಂತೆ” ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

‘ಎಮರ್ಜೆನ್ಸಿ’ಯ ಕಥೆ ಬೇರೆ. ದಿಢೀರನೆ ಎದುರಾಗುವ ಆಪತ್ತು ಅದು. ಅದಕ್ಕೆ ನಾವು ‘ತುರ್ತು’ ಎಂದೇ ಹೆಸರಿಟ್ಟೆವು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ನಡೆದದ್ದೂ ‘ತುರ್ತು ಪರಿಸ್ಥಿತಿ’ಯೇ. ಇಪ್ಪತ್ತೊಂದು ತಿಂಗಳ ಆಡಳಿತಕ್ಕೆ ತುರ್ತು ಎಂಬ ಹೆಸರು ಒಗ್ಗುವುದೇ ಇಲ್ಲ. 1978ರಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ ಚಿಕ್ಕಮಗಳೂರಿನ ಜನ ಆ ಕಾಲವನ್ನು ನೆನೆಯುವಾಗ ‘ಎಮರ್ಜೆನ್ಸಿ’ ಎನ್ನುವುದೇ ಹೆಚ್ಚು. ಅವರ ಆಯ್ಕೆ ಸರಿ ಎಂದೇ ನನ್ನ ತೀರ್ಮಾನ.

ವೈದ್ಯರ ಇಂಗ್ಲಿಷಿನಲ್ಲಿ ‘ಎಮರ್ಜೆನ್ಸಿ’, ‘ಅರ್ಜೆನ್ಸಿ’ ಎಂಬ ಎರಡು ಪದಗಳ ನಡುವೆ ಬಹುಕಾಲದಿಂದ ಗೆರೆ ಎಳೆದಿದೆ. ರಕ್ತದೊತ್ತಡ 180/120 ದಾಟಿದ ಇಬ್ಬರಲ್ಲಿ, ಮಿದುಳು, ಹೃದಯ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವವರದ್ದು ಎಮರ್ಜೆನ್ಸಿ, ಹಾಗಾಗದವರದ್ದು ಅರ್ಜೆನ್ಸಿ. ಮೊದಲನೆಯವರನ್ನು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಸೇರಿಸಬೇಕು, ಎರಡನೆಯವರ ಒತ್ತಡವನ್ನು ಮಾತ್ರೆಯಲ್ಲಿ ನಿಧಾನವಾಗಿ ಇಳಿಸಬಹುದು. ಕನ್ನಡದಲ್ಲಿ ಎರಡಕ್ಕೂ ‘ತುರ್ತು’ ಎಂದರೆ ಮೊದಲನೆಯವರಿಗೆ ಅನ್ಯಾಯ. ಆದ್ದರಿಂದ ಜೀವಕ್ಕೆ ಕುತ್ತು ಬಂದಾಗ ‘ಎಮರ್ಜೆನ್ಸಿ’, ಗಡುವಿರುವ ಕೆಲಸಕ್ಕೆ ‘ತುರ್ತು’, ಮನುಷ್ಯನ ಚಡಪಡಿಕೆಗೆ ‘ಅರ್ಜೆಂಟು’ ಎಂದು ಹಂಚಿಕೊಳ್ಳುವುದು ಲೇಸು. ಮೂರೂ ಈಗ ನಮ್ಮ ಪದಗಳೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇದು ಬರೀ ಪದಗಳ ವಿಚಾರವಲ್ಲ. ಇದು ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಸೀಮೆ. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ದಿಢೀರನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದು ತುರ್ತು, ಅಂದೇ ರಕ್ತ ಪರೀಕ್ಷೆಗೆ ಕೊಡಬೇಕು; ಮೂಗು, ಒಸಡಿನಲ್ಲಿ ರಕ್ತ ಕಂಡರೆ ಎಮರ್ಜೆನ್ಸಿ. ಇನ್ನು 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಿ “ಅರ್ಜೆಂಟಾಗಿ ಬನ್ನಿ” ಎಂದಷ್ಟೇ ಕೂಗಿದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ರೋಗಿಗೆ ಎಚ್ಚರವಿದೆಯೇ, ಉಸಿರಾಟ ಹೇಗಿದೆ, ಎಷ್ಟು ಹೊತ್ತಿನಿಂದ ಹೀಗಾಗಿದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ, ಸಂಕ ದಾಟಿಸಿ ಹೊತ್ತು ತರಬೇಕೇ ಎಂಬುದನ್ನು ಹೇಳಬೇಕು. ತಾಲ್ಲೂಕು ಆಸ್ಪತ್ರೆ ಸಾಕೇ, ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕೇ, ಶಿವಮೊಗ್ಗಕ್ಕೋ ಎಂಬ ಮುಂದಿನ ಆಲೋಚನೆಯೂ ಆ ಉತ್ತರಗಳಿಂದಲೇ ಶುರುವಾಗುತ್ತದೆ.